ಕೊಟ್ಟಿಗೆ ಬಾಗಿಲ ನಿಂಬೆಹಣ್ಣು

ಮೊನ್ನೆ ಹಾಸನದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತು ಒಂದು ಕಾಯಿ ಎತ್ತಿ ಮೂಸಿದೆ. ಸೊಗಡು ಬೆರಳಿಗೆ ಅಂಟಿಕೊಂಡಿತು. "ಏನ್ ಮೇಡಂ, ಮೂಗಲ್ಲೇ ತಿಂದ್ ಮುಗಿಸ್ತೀರಾ, ಚೀಲಕ್ಕೂ ಆಕ್ಲಾ?" ಎಂದಳು ಮಾರುವವಳು. ಮೂರು ಕೆಜಿ ತಂದು, ಮನೆಯಲ್ಲಿ ಪೇಪರ್ ಹಾಸಿ ಕೂತು ಸುಲಿದೆ. ಕಾಳು ಒಂದು ಪಾತ್ರೆಯಾಯಿತು, ಸಿಪ್ಪೆ ಒಂದು ಬಕೆಟ್ ತುಂಬಿತು. ಕಾಳಿನದು ಚಿಂತೆಯಿಲ್ಲ, ಸಾರಾಗುತ್ತದೆ. ಚಿಂತೆಯೆಲ್ಲ ಸಿಪ್ಪೆಯದು. ಹಿಂದಿನ ಬೀದಿಯಲ್ಲಿ ಒಂದು ಹಸುವಿದೆ, ನಿಜ. ಆದರೆ ಆ ಹಸುವಿನ ಮನೆಯವರ ಜೊತೆ ನಾನು ಮಾತು ಬಿಟ್ಟು ಎರಡು ತಿಂಗಳಾಗಿದೆ. ತಪ್ಪು ಅವರದು. ನನ್ನ ಜಗಳಗಳಲ್ಲಿ ಯಾವಾಗಲೂ ತಪ್ಪು ಅವರದೇ ಇರುತ್ತದೆ.

ಅವರೆಕಾಯಿ ಸಿಪ್ಪೆಯನ್ನು ಹಗುರವಾಗಿ ಕಾಣಬಾರದು ಎಂದು ನನಗೆ ಗೊತ್ತಾದದ್ದು ಹಳ್ಳಿಮೈಸೂರಿನ ಕಡೆ ಕಳೆದ ಒಂದು ಡಿಸೆಂಬರಿನಲ್ಲಿ. ಹಾಸನದಲ್ಲೇ ಹುಟ್ಟಿ ಬೆಳೆದ ನನ್ನನ್ನು ಆ ವರ್ಷ ಸರ್ಕಾರ ಅಲ್ಲಿನ ಹೈಸ್ಕೂಲಿಗೆ ಗಣಿತದ ಟೀಚರನ್ನಾಗಿ ಎತ್ತಿ ಹಾಕಿತ್ತು. ಊರಿನಲ್ಲಿ ಕ್ರೈಸ್ತರ ಮನೆ ಒಂಬತ್ತೋ ಹತ್ತೋ. ಶೀಟಿನ ಚಾವಣಿಯ ಪುಟ್ಟ ಚರ್ಚು, ಅದಕ್ಕೊಂದು ಜಗಲಿ. ಹೊಳೆನರಸೀಪುರದಿಂದ ಫಾದರ್ ಬೈಕಿನಲ್ಲಿ ಬಂದು ಪೂಜೆ ಮುಗಿಸಿ ಹೋಗುತ್ತಿದ್ದರು. ನಾನು ಹೋದ ಎರಡನೆಯ ಭಾನುವಾರವೇ ಅವರು ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಜಸಿಂತಾ ಟೀಚರ್, ಮಕ್ಕಳಿಗೆ ಭಾನುವಾರದ ಪಾಠ ನೀವೇ ಮಾಡಿ. ಪ್ರೀತಿ, ದಯೆ, ಅಷ್ಟೇ. ದೊಡ್ಡ ಸಿಲೆಬಸ್ ಏನಿಲ್ಲ" ಎಂದರು.

"ಫಾದರ್, ನನಗೆ ಲೆಕ್ಕ ಬರುತ್ತೆ. ಪ್ರೀತಿ, ದಯೆ ಅಷ್ಟಾಗಿ ಬರಲ್ಲ" ಎಂದೆ. ಅವರು ತಮಾಷೆಯೆಂದುಕೊಂಡು ನಕ್ಕು ಬೈಕ್ ಸ್ಟಾರ್ಟ್ ಮಾಡಿದರು. ನಾನು ತಮಾಷೆ ಮಾಡಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ಪುಟ್ಟತಾಯಮ್ಮನವರ ಮನೆಯ ಪಕ್ಕದ ಎರಡು ಕೋಣೆಯಲ್ಲಿ. ಮಗ, ಸೊಸೆ, ಮೊಮ್ಮಕ್ಕಳು, ಡೈರಿಗೆ ಹಾಲು, ಹೊಲ, ಎಲ್ಲವೂ ಇದ್ದ ತುಂಬಿದ ಮನೆ. ಮಗ ಉಸಿರಾಡುವುದಕ್ಕೂ ಅವರನ್ನು ಕೇಳುತ್ತಿದ್ದ. ಅವರ ಹಸು ಗೌರಿ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ನನ್ನ ಬಾಗಿಲಿಗೂ ಗೌರಿಯ ಕೊಟ್ಟಿಗೆ ಬಾಗಿಲಿಗೂ ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು ಇತ್ತು. ಆ ಕಲ್ಲಿನ ಮೇಲೆ ಕೂತು ಪುಟ್ಟತಾಯಮ್ಮ ನನಗೆ ಊರಿನ ಸಮಾಚಾರ ಒಪ್ಪಿಸುತ್ತಿದ್ದರು, ನಾನು ಅವರಿಗೆ ಬಿಪಿ ಮಾತ್ರೆ ನೆನಪಿಸುತ್ತಿದ್ದೆ. ಚೆನ್ನಾಗಿಯೇ ಇದ್ದೆವು.

ನವೆಂಬರ್ ಕೊನೆಗೆ ಅವರೆ ಬಂತು. ಬೆಳಗಿನ ಮಂಜಿನಲ್ಲಿ ಹೊಲಕ್ಕೆ ಹೋಗಿ, ಸೀರೆಯ ಅಂಚೆಲ್ಲ ಇಬ್ಬನಿಯಲ್ಲಿ ನೆನೆಸಿಕೊಂಡು, ಪುಟ್ಟತಾಯಮ್ಮ ಒಂದು ಕುಕ್ಕೆ ಅವರೆಕಾಯಿ ತಂದು ನನ್ನ ಬಾಗಿಲಲ್ಲಿ ಸುರಿದರು. "ತಿನ್ನು. ಮಂಜಿಗೆ ಬಿದ್ದಿರೋ ಕಾಯಿ. ನಿಮ್ಮ ಆಸನದಲ್ಲಿ ಇಂತಾದ್ದೆಲ್ಲಿ ಸಿಕ್ಕದು!" ನಾನು ಸುಲಿದೆ, ಹಿತಕಿದೆ, ಸಾರು ಮಾಡಿ ತಿಂದೆ. ಸಿಪ್ಪೆಯನ್ನು ಒಂದು ಕವರಿಗೆ ತುಂಬಿ, ಬಾಯಿ ಕಟ್ಟಿ, ಪಂಚಾಯ್ತಿಯ ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಅದಕ್ಕೆ ಕೊಟ್ಟೆ. ಹಸಿ ಕಸದ ಬಕೆಟ್ಟಿಗೇ ಹಾಕಿದೆ. ಒಳ್ಳೆಯ ನಾಗರಿಕಳಂತೆ ನಡೆದುಕೊಂಡೆ ಎಂಬ ಹೆಮ್ಮೆ ಬೇರೆ.

ಪುಟ್ಟತಾಯಮ್ಮ ಒಗೆಯುವ ಕಲ್ಲಿನ ಹತ್ತಿರ ನಿಂತು ನೋಡುತ್ತಿದ್ದರು.

"ಏನದು ಕವರಲ್ಲಿ?"

"ಸಿಪ್ಪೆ."

"ಅವರೇಕಾಯ್ ಕೊಟ್ಟೋಳು ನಾನು. ಸಿಪ್ಪೆ ಕಸದ್ ಗಾಡೀಗಾ? ಅಲ್ಲಿ ಗೌರಿ ನಿಂತ್ಕಂಡು ನಿನ್ ಬಾಗ್ಲನ್ನೇ ನೋಡ್ತಾವ್ಳೆ, ಕಾಣಾಕಿಲ್ವಾ ಕಣ್ಗೆ?"

ಆ ಕಡೆಯಲ್ಲಿ ಕಾಯಿ ಕೊಟ್ಟವರಿಗೆ ಸಿಪ್ಪೆ ವಾಪಸು ಹೋಗಬೇಕು, ಅದು ಹಸುವಿನ ಪಾಲು. ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ. "ಗೊತ್ತಿರಲಿಲ್ಲ, ತಪ್ಪಾಯಿತು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೆ ಆ ಮಾತು ರೂಢಿಯಿಲ್ಲ. "ಸಿಪ್ಪೆಗೆ ಇಷ್ಟು ರಾದ್ಧಾಂತ ಮಾಡೋದಾದ್ರೆ ಕಾಯಿ ಯಾಕೆ ಕೊಟ್ರಿ?" ಎಂದುಬಿಟ್ಟೆ. ಅವರು ಮುಖ ತಿರುಗಿಸಿ ಒಳಗೆ ಹೋದರು. ಅಲ್ಲಿಗೆ ಮಾತು ನಿಂತಿತು. ಬಿಪಿ ಮಾತ್ರೆ ನೆನಪಿಸುವುದೂ ನಿಂತಿತು. ಗೌರಿ ಮಾತ್ರ ನನ್ನ ಬಾಗಿಲನ್ನೇ ನೋಡುವುದು ಬಿಡಲಿಲ್ಲ.

ಆ ಭಾನುವಾರದ ಪಾಠ ನೆರೆಹೊರೆಯವರನ್ನು ಪ್ರೀತಿಸುವುದರ ಮೇಲಿತ್ತು. ಪುಸ್ತಕದಲ್ಲಿ ಇದ್ದದ್ದೇ ಅದು, ನಾನೇನು ಮಾಡಲಿ?

ಆಗಮನ ಕಾಲ, ಅಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ಶುರುವಾಗಿತ್ತು. ಫಾದರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಬೀದಿಯವರ ಹೆಸರು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುವುದು. ಪ್ರತಿ ಮಗುವೂ ಒಂದು ಚೀಟಿ ಎತ್ತಿ, ಆ ಹೆಸರಿನವರಿಗೆ ಕ್ರಿಸ್‌ಮಸ್‌ವರೆಗೆ ಗುಟ್ಟಾಗಿ ಒಳ್ಳೆಯದು ಮಾಡುವುದು. ಮಾಡಿದವರು ಯಾರೆಂದು ಕ್ರಿಸ್‌ಮಸ್ ದಿನವೇ ಗೊತ್ತಾಗಬೇಕು. ಬಿಸಿಲು ಕಾಯಿಸಿಕೊಳ್ಳುತ್ತಾ ಚರ್ಚಿನ ಜಗಲಿಯ ಮೇಲೆ ಕೂತಿದ್ದ ಏಳು ಮಕ್ಕಳಿಗೆ ನಾನು ಕಟ್ಟುನಿಟ್ಟಾಗಿ ಹೇಳಿದೆ: "ಮಾಡಿದ ಒಳ್ಳೆಯದನ್ನು ಡಂಗುರ ಹೊಡೆಯಬಾರದು ಅಂತ ಯೇಸು ಹೇಳಿದ್ದಾರೆ. ಏನೇ ಆಗಲಿ, ಬಾಯಿ ಬಿಡಬಾರದು. ಬಿಟ್ಟವರಿಗೆ ಕೇಕ್ ಇಲ್ಲ." ಕೇಕಿನ ವಿಷಯ ಯೇಸು ಹೇಳಿರಲಿಲ್ಲ, ಅದು ನಾನು ಸೇರಿಸಿದ್ದು.

ಮಕ್ಕಳಲ್ಲಿ ಹಿರಿಯಳು ರೀಟಾ, ಆರನೇ ಕ್ಲಾಸು. ಮುಂದೆ ಖಂಡಿತ ತಹಸೀಲ್ದಾರಳಾಗುವ ಹುಡುಗಿ. ಡಬ್ಬದಲ್ಲಿ ಕೈಯಾಡಿಸಿ, "ಮಿಸ್, ನಿಮ್ಮ ಮನೆ ಓನರ್ ಹೆಸರೇ ಇಲ್ಲ" ಎಂದಳು.

"ಮರೆತುಹೋಯಿತು."

"ಪರವಾಗಿಲ್ಲ ಮಿಸ್, ನಾನೇ ಬರೀತೀನಿ." ಬರೆದು ಹಾಕಿಯೂಬಿಟ್ಟಳು. "ನೀವು ಚೀಟಿ ಎತ್ತಲ್ವಾ ಮಿಸ್?"

"ನಾನು ಮೇಲ್ವಿಚಾರಣೆ ಮಾಡುವವಳು" ಎಂದೆ.

ಪುಟ್ಟತಾಯಮ್ಮನ ಚೀಟಿ ಸಿಕ್ಕಿದ್ದು ಸೆಲಿನಾಗೆ. ಎರಡನೇ ಕ್ಲಾಸಿನ ಹುಡುಗಿ, ಎರಡು ಜಡೆ, ಎರಡು ಕೆಂಪು ಟೇಪು, ಮುಂದಿನ ಎರಡು ಹಲ್ಲು ಇಲ್ಲ. ಅವಳು ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದಳು: "ಮಿಸ್, ಗೌರಿ ಅಜ್ಜಿಗೆ ಏನಂದ್ರೆ ಇಷ್ಟ?" ಪುಟ್ಟತಾಯಮ್ಮ ಬೀದಿಯ ಮಕ್ಕಳಿಗೆಲ್ಲ ಗೌರಿ ಅಜ್ಜಿ.

ನನ್ನೊಳಗಿನ ಸಿಟ್ಟು ಇನ್ನೂ ಆರಿರಲಿಲ್ಲ. "ಸಿಪ್ಪೆ. ಅವರೆಕಾಯಿ ಸಿಪ್ಪೆ ಅಂದ್ರೆ ಆಯಮ್ಮನಿಗೆ ಪಂಚಪ್ರಾಣ" ಎಂದೆ. ಕುಹಕ ಏಳು ವರ್ಷದ ಮಗುವಿಗೆ ತಿಳಿಯುವುದಿಲ್ಲ. ಸೆಲಿನಾ ಗಂಭೀರವಾಗಿ ತಲೆಯಾಡಿಸಿ ಹೋದಳು.

ಮುಂದಿನ ವಾರದಿಂದ ಬೀದಿಯಲ್ಲಿ ಒಳ್ಳೆಯತನದ ಹಾವಳಿ ಶುರುವಾಯಿತು.

ರೀಟಾಗೆ ಸಿಕ್ಕಿದ್ದು ಟೀ ಅಂಗಡಿಯ ರಂಗಣ್ಣ. ಅವನು ಹಾಲು ತರಲು ಹೋದಾಗ ಅವಳು ಅಂಗಡಿ ಹೊಕ್ಕು ಎಲ್ಲವನ್ನೂ ಒಪ್ಪವಾಗಿ ಜೋಡಿಸಿಟ್ಟು ಬರುತ್ತಿದ್ದಳು. ಎಷ್ಟು ಒಪ್ಪವೆಂದರೆ ರಂಗಣ್ಣನಿಗೆ ಒಂದು ಬೆಳಿಗ್ಗೆ ಪೂರ್ತಿ ಸಕ್ಕರೆ ಡಬ್ಬ ಸಿಗಲಿಲ್ಲ. ಊರಿನವರೆಲ್ಲ ಬೆಲ್ಲದ ಟೀ ಕುಡಿದರು.

ಐದನೇ ಕ್ಲಾಸಿನ ಡೇವಿಡ್‌ಗೆ ಸಿಕ್ಕಿದ್ದು ನಿವೃತ್ತ ಹೆಡ್‌ಮಾಸ್ಟರ್ ಅಯ್ಯಂಗಾರ್ ಮೇಷ್ಟ್ರು. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ. ಮಗಳ ಮನೆಯಲ್ಲಿದ್ದುಕೊಂಡು, ಬೆಳಿಗ್ಗೆ ಕಾಫಿ ಹಿಡಿದು ಪೇಪರಿನ ಪದಬಂಧ ಬಿಡಿಸುವುದೇ ಅವರ ಜೀವನದ ಪರಮ ಸುಖ. ಡೇವಿಡ್ ಆರು ಗಂಟೆಗೇ ಹೋಗಿ, ಗೇಟಿನ ಬಳಿ ಬಿದ್ದಿದ್ದ ಪೇಪರ್ ಬಿಡಿಸಿ, ಪದಬಂಧವನ್ನೆಲ್ಲ ಪೆನ್ನಿನಲ್ಲಿ ತುಂಬಿ, ಮಡಿಸಿ ಬಾಗಿಲ ಸಂದಿಯಲ್ಲಿ ಇಟ್ಟು ಬರುತ್ತಿದ್ದ. ಮುದುಕರಿಗೆ ಶ್ರಮ ಆಗಬಾರದು ಎಂದು. ಮೇಷ್ಟ್ರು ಶಾಲೆಯ ಗೇಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ಯಾರೋ ನನ್ನ ಪದಬಂಧ ತುಂಬ್ತಿದಾರೆ ಕಣಮ್ಮ."

"ಅಯ್ಯೋ, ಹೌದಾ ಮೇಷ್ಟ್ರೇ?"

"ತುಂಬ್ಲಿ. ಸರಿಯಾಗಾದ್ರೂ ತುಂಬಬಾರದೇ? ನಾಲ್ಕಕ್ಷರದ ಜಾಗಕ್ಕೆ ಐದಕ್ಷರದ ಪದ ತಂದು, ಎರಡಕ್ಷರ ಒಂದೇ ಮನೆಗೆ ತುರುಕಿದ್ದಾನೆ ಅಯೋಗ್ಯ!" ಅವರ ಕಣ್ಣಲ್ಲಿ ನೀರಿತ್ತು. ನಾನು ನಗು ತಡೆಯಲು ಕೆಮ್ಮಬೇಕಾಯಿತು.

ಇತ್ತ ಸೆಲಿನಾ ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ಸಿಪ್ಪೆ ಬೇಡುತ್ತಿದ್ದಳು. ಆ ಕಾಲದಲ್ಲಿ ಎಲ್ಲ ಜಗಲಿಗಳಲ್ಲೂ ಅವರೆ ಸುಲಿಯುವವರೇ. ಯಾಕೆಂದು ಕೇಳಿದರೆ ಬಾಯಿ ಮುಚ್ಚಿಕೊಂಡು ತಲೆಯಾಡಿಸುತ್ತಿದ್ದಳಂತೆ. ಪುಟ್ಟತಾಯಮ್ಮ ಡೈರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿಕೊಂಡು, ಸಿಪ್ಪೆಯ ಗಂಟನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟು ಓಡುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬರೀ ಸಿಪ್ಪೆ ಕೊಟ್ಟರೆ ಅಂದವಿಲ್ಲ ಎಂದು ಮೊದಲ ದಿನದ ಗಂಟಿಗೆ ತನ್ನ ಒಂದು ಜಡೆಯ ಕೆಂಪು ಟೇಪು ಬಿಚ್ಚಿ ಕಟ್ಟಿದಳು. ದಿನಾ ಗಂಟಿನ ನೆತ್ತಿಗೆ ಒಂದು ಚೆಂಡುಹೂವು, ಪಕ್ಕಕ್ಕೆ ಮನೆಯ ಗಿಡದ ಒಂದು ನಿಂಬೆಹಣ್ಣು.

ಮುಂಜಾನೆ ಕೊಟ್ಟಿಗೆ ಬಾಗಿಲಲ್ಲಿ ಕೆಂಪು ಕಟ್ಟಿದ ಗಂಟು, ಹೂವು, ನಿಂಬೆಹಣ್ಣು ಕಂಡರೆ ಯಾರು ತಾನೇ ಅದನ್ನು ಪ್ರೀತಿ ಎನ್ನುತ್ತಾರೆ?

ಪುಟ್ಟತಾಯಮ್ಮ ಕೋಲಿನಲ್ಲಿ ಅದನ್ನು ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕಿದರು. ಮಾರನೇ ದಿನ ಇನ್ನೊಂದು ಗಂಟು, ಅದರ ಮಾರನೇ ದಿನ ಮತ್ತೊಂದು. ಗೌರಿಯ ಕೊರಳಿಗೆ ಕರಿದಾರ ಬಂತು, ಕೊಟ್ಟಿಗೆಯ ಬಾಗಿಲಿಗೆ ಹಳೆಯ ಚಪ್ಪಲಿ ಬಂತು. ದಂಡಿಗನಹಳ್ಳಿಯಲ್ಲಿದ್ದ ಅವರ ಅಕ್ಕ ಫೋನಿನಲ್ಲೇ ಪರೀಕ್ಷೆ ಮಾಡಿ, ಇದು ಹಾಲು ಬತ್ತಿಸುವ ಮಾಟವೇ ಸೈ ಎಂದು ತೀರ್ಪು ಕೊಟ್ಟರು. ಗೌರಿ ಎಂದಿನಂತೆ ಹಾಲು ಕೊಡುತ್ತಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗೋಡೆಯಾಚೆ ಏನೋ ಗಲಾಟೆ ಎಂದು ನನಗೆ ಕೇಳಿಸುತ್ತಿತ್ತು. ಆದರೆ ಮಾತು ಬಿಟ್ಟವರು ಗೋಡೆಗೆ ಕಿವಿ ಕೊಡಬಹುದೇ ಹೊರತು, ಏನಾಯಿತೆಂದು ಕೇಳುವ ಹಾಗಿಲ್ಲ.

ಕ್ರಿಸ್‌ಮಸ್ಸಿಗೆ ಹತ್ತು ದಿನವಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಪುಟ್ಟತಾಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಕೆಳಗೆ ಸಿಪ್ಪೆಯ ಗಂಟು.

"ಮಿಸ್ಸು, ಈ ತಿಂಗ್ಳ ಆಖೈರಿಗೆ ಮನೆ ಖಾಲಿ ಮಾಡು."

ಬಾಯಲ್ಲಿದ್ದ ಪೇಸ್ಟು ನುಂಗಿಬಿಟ್ಟೆ. "ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀಯಾ? ಸಿಪ್ಪೆ ಜಗಳ ಆಗಿದ್ದು ನಿನ್ಗೂ ನನ್ಗೂ. ಸಿಪ್ಪೇಲೇ ಮಾಟ ಮಾಡ್ಸಿ ನನ್ನ ಕೊಟ್ಗೆ ಬಾಗ್ಲಲ್ಲಿ ಮಡಗದಾ? ಹತ್ತು ದಿನದಿಂದ ನೋಡ್ತಾವ್ನಿ. ಇದ ಮಡಗ್ದೋರ ಕೈಗೆ..."

ಸಿಪ್ಪೆ, ಹೂವು, ನಿಂಬೆಹಣ್ಣು ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತು. ನಾನು ಹಲ್ಲು ಕಚ್ಚಿ ಆಡಿದ್ದ ಮಾತು ಗಂಟಾಗಿ ನನ್ನ ಕಾಲ ಬುಡಕ್ಕೇ ಬಂದಿತ್ತು. ಹೇಳಲು ಬಾಯಿ ತೆರೆದೆ. ಆಗ ಬೇಲಿಯ ಬಳಿ ಸೆಲಿನಾ ಕಂಡಳು. ಓಡಿಹೋಗಲು ಆಗದೆ ಅಲ್ಲೇ ಸಿಕ್ಕಿಕೊಂಡಿದ್ದಳು. ಒಂದು ಜಡೆಗೆ ಟೇಪು, ಇನ್ನೊಂದಕ್ಕೆ ಬಾಳೆನಾರು. ಬೆರಳು ತುಟಿಯ ಮೇಲಿತ್ತು, ಕಣ್ಣು ತುಂಬಿತ್ತು. ಪುಟ್ಟತಾಯಮ್ಮ ಇನ್ನೊಂದು ಮಾತು ಆಡಿದ್ದರೆ ಆ ಶಾಪ ಆ ಪುಟ್ಟ ಕೈಗೇ ತಗಲುತ್ತಿತ್ತು. ಅವಳ ಹೆಸರು ಹೇಳಿದರೆ ಸಂಜೆಯೊಳಗೆ ಊರೆಲ್ಲ ಮಾಟದ ಮಗು ಎನ್ನುತ್ತಿತ್ತು. ಹೇಳದಿದ್ದರೆ ನಾನು ಮನೆ ಬಿಡಬೇಕಿತ್ತು.

"ನಾನೇ ಇಟ್ಟೆ" ಎಂದೆ.

ಪುಟ್ಟತಾಯಮ್ಮನಿಗೆ ಗರ ಬಡಿದಂತಾಯಿತು. ನಾನು ಒಪ್ಪಿಕೊಳ್ಳುತ್ತೇನೆಂದು ಅವರೂ ಅಂದುಕೊಂಡಿರಲಿಲ್ಲ.

"ಮಾಟ ಅಲ್ಲ. ಗೌರಿಗೆ ಅಂತ ಇಟ್ಟೆ. ಆವತ್ತು ಸಿಪ್ಪೆ ಗಾಡಿಗೆ ಹಾಕಿದ್ದು... ಅದು..." ಬೇಲಿಯ ಕಡೆ ನೋಡಿದೆ. "ತಪ್ಪಾಯಿತು ನಂದು. ಮಾತಾಡಿದ್ದೂ ತಪ್ಪು. ಕ್ಷಮಿಸಿ."

ನನಗೆ ಮೂವತ್ತನಾಲ್ಕು ವರ್ಷ ಆಗಿತ್ತು. ಆ ಮಾತನ್ನು ಅಷ್ಟು ಸ್ಪಷ್ಟವಾಗಿ ಆಡಿದ್ದು ಅದೇ ಮೊದಲು.

ಪುಟ್ಟತಾಯಮ್ಮ ಗಂಟಿನ ಕಡೆ ಬೆರಳು ತೋರಿಸಿದರು. "ಸಿಪ್ಪೆ ಸರಿ ಕಣವ್ವ. ನಿಂಬೆಅಣ್ಣು ಯಾಕೆ?"

ಅದು ನನಗೂ ಗೊತ್ತಿರಲಿಲ್ಲ. ಬೇಲಿಯ ಹಿಂದಿನಿಂದ ಹಲ್ಲಿಲ್ಲದ ಸಣ್ಣ ದನಿಯೊಂದು ಬಂತು.

"ದೊಡ್ಡೋರ ನೋಡಾಕೆ ಓದ್ರೆ ನಿಂಬೆಅಣ್ಣು ಕೊಡ್ಬೇಕಲ್ವಾ ಅಜ್ಜಿ. ಎಮ್ಮೆಲ್ಲೆ ಬಂದಾಗ ನಮ್ಮಪ್ಪನೂ ಕೊಟ್ಟಿತ್ತು."

ಪುಟ್ಟತಾಯಮ್ಮ ಬೇಲಿಯ ಕಡೆ ತಿರುಗಿ ನೋಡಿದರು. ಬಗ್ಗಿ ಗಂಟು ಬಿಚ್ಚಿದರು. ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಿಪ್ಪೆಯನ್ನು ಗೌರಿಯ ಮುಂದೆ ಸುರಿದರು. ಹತ್ತು ದಿನದಿಂದ ಕಣ್ಣೆದುರೇ ತಿಪ್ಪೆ ಸೇರುತ್ತಿದ್ದ ತನ್ನ ಪಾಲನ್ನು ಗೌರಿ ಒಂದೇ ಉಸಿರಿಗೆ ಮುಗಿಸಿದಳು.

ಮನೆ ಉಳಿಯಿತು. ಸಂಜೆಗೆ ನನ್ನ ಬಾಗಿಲಲ್ಲಿ ಮತ್ತೆ ಒಂದು ಕುಕ್ಕೆ ಅವರೆ ಸುರಿಯಿತು. ಬಿಪಿ ಮಾತ್ರೆಯೂ ಜ್ಞಾಪಕಕ್ಕೆ ಬಂತು. ಆದರೆ ಮುಂದಿನ ಭಾನುವಾರ ಪಾಠಕ್ಕೆ ಬಂದ ಸೆಲಿನಾ ಮಾತ್ರ ನನ್ನ ಮುಖ ನೋಡಲಿಲ್ಲ. ಬೀದಿಯಲ್ಲೆಲ್ಲ ಒಂದೇ ಮಾತು: ಮಿಸ್ಸು ದಿನಾ ಗೌರಿಗೆ ಸಿಪ್ಪೆ ತಂದಿಟ್ಟಳಂತೆ, ನಾವು ಸುಮ್ಮನೆ ತಪ್ಪು ತಿಳಿದೆವು, ಎಂಥ ಒಳ್ಳೇ ಮನಸ್ಸು. ಮಗುವಿನ ಸಿಪ್ಪೆ, ಮಗುವಿನ ಹೂವು, ಮಗುವಿನ ಟೇಪು. ಹೆಸರು ಮಾತ್ರ ನನ್ನದು. ಕರೆದು ಹೇಳಿದೆ: "ಕ್ರಿಸ್‌ಮಸ್ ದಿನ ಎಲ್ಲರ ಮುಂದೆ ನೀನೇ ಹೇಳುವಿಯಂತೆ." ಅವಳು ತಲೆಯಾಡಿಸಿದಳು. ಸಿಪ್ಪೆ ತರುವುದನ್ನು ಅವಳು ನಿಲ್ಲಿಸಿರಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಕ್ರಿಸ್‌ಮಸ್ ದಿನ ಬಿಸಿಲು ಚೆನ್ನಾಗಿತ್ತು. ಫಾದರ್ ಹತ್ತು ಗಂಟೆಯ ಪೂಜೆ ಮುಗಿಸಿದರು. ಚರ್ಚಿನ ಮುಂದೆ ರಾಗಿಹುಲ್ಲು ಹೊದಿಸಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡಿದ್ದೆವು. ಅದರ ಹುಲ್ಲು ಕೊಟ್ಟದ್ದು ಪುಟ್ಟತಾಯಮ್ಮನೇ. ಬೀದಿಯವರೆಲ್ಲ ಬಂದಿದ್ದರು. ಶಾಮಿಯಾನದ ಕೆಳಗೆ ಕುರ್ಚಿ, ಕೇಕು, ಕಜ್ಜಾಯ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಗುಟ್ಟು ಬಿಡಬೇಕು.

ಡೇವಿಡ್ ಎದ್ದು, "ಮೇಷ್ಟ್ರಿಗೆ ಪದಬಂಧ ತುಂಬಿದೋನು ನಾನು" ಎಂದ. ಅಯ್ಯಂಗಾರ್ ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. "ನೀನೇನೋ ಆ ಮಹಾನುಭಾವ!" ಎಂದು ಅವನ ಕಿವಿ ಹಿಡಿದರು. ನಂತರ ಏನು ಅನ್ನಿಸಿತೋ, ಕಿವಿ ಬಿಟ್ಟು ಬೆನ್ನು ತಟ್ಟಿ, "ನಾಳೆಯಿಂದ ಆರು ಗಂಟೆಗೆ ಒಳಗೇ ಬಾ. ಇಬ್ಬರೂ ಕೂತು ತುಂಬೋಣ. ಪೆನ್ಸಿಲ್ ತಗೊಂಡು ಬಾ" ಎಂದರು. ರೀಟಾ ತನ್ನ ಗುಟ್ಟು ಹೇಳಿದಾಗ ರಂಗಣ್ಣ, "ನಿನ್ನ ದಮ್ಮಯ್ಯ ಕಣವ್ವ, ಇನ್ ಮುಂದೆ ಒಳ್ಳೇದು ಮಾಡ್ಬ್ಯಾಡ" ಎಂದು ಕೈ ಮುಗಿದ.

ಕೊನೆಗೆ ಸೆಲಿನಾ. ಅವಳು ಎದ್ದು ನಿಂತು ಎದುರಿಗೆ ಕೂತಿದ್ದ ಪುಟ್ಟತಾಯಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಾವಿಬ್ಬರೂ ಅಕ್ಕಪಕ್ಕ ಕೂತು ಒಂದೇ ತಟ್ಟೆಯಿಂದ ಕಜ್ಜಾಯ ತಿನ್ನುತ್ತಿದ್ದೆವು.

"ನಾನು ಏನೂ ಮಾಡ್ಲಿಲ್ಲ ಮಿಸ್. ಮರ್ತ್ಬುಟ್ಟೆ" ಎಂದು ಕೂತುಬಿಟ್ಟಳು.

ಕೈಯಲ್ಲಿದ್ದ ಕಜ್ಜಾಯವನ್ನು ತಟ್ಟೆಗೆ ಇಟ್ಟೆ. ತಾನು ನಿಜ ಹೇಳಿದರೆ ಮಿಸ್ಸು ಸುಳ್ಳುಗಾತಿಯಾಗುತ್ತಾಳೆ, ಅಜ್ಜಿ ಮತ್ತೆ ಮಾತು ಬಿಡುತ್ತಾಳೆ ಎಂದು ಆ ಮಗು ಲೆಕ್ಕ ಹಾಕಿತ್ತು. ನಾನು ನಾಲ್ಕು ವಾರ ಕಲಿಸಿದ ಪಾಠವನ್ನು ಆ ಜಗಲಿಯಲ್ಲಿ ಕಲಿತವಳು ಅವಳೊಬ್ಬಳೇ. ಕಲಿಸಿದವಳಿಗೇ ಅದು ಬಂದಿರಲಿಲ್ಲ.

ಎದ್ದೆ. "ಸುಳ್ಳು. ಸಿಪ್ಪೆ ಇಟ್ಟಿದ್ದು ನಾನಲ್ಲ, ಸೆಲಿನಾ. ನಾನು ಒಂದು ದಿನವೂ ಇಟ್ಟಿಲ್ಲ. ಅದನ್ನು ಇಡು ಅಂತ ಹೇಳಿದ್ದು ನಾನೇ. ಆದರೆ ಒಳ್ಳೇ ಮನಸ್ಸಿನಿಂದ ಅಲ್ಲ, ಚುಚ್ಚಿ ಹೇಳಿದ್ದು." ಪುಟ್ಟತಾಯಮ್ಮನ ಕಡೆ ತಿರುಗುವ ಧೈರ್ಯವಾಗಲಿಲ್ಲ.

"ಗೊತ್ತು, ಕುತ್ಕೊ" ಎಂದರು ಪುಟ್ಟತಾಯಮ್ಮ, ಕಜ್ಜಾಯ ಅಗಿಯುತ್ತಾ. "ಏಳು ಗಂಟೆಗಂಟ ಬಿದ್ಕಂಡಿರೋಳು ನೀನು. ನೀನು ಮನೆಮನೆ ಸುತ್ತಿ ಸಿಪ್ಪೆ ಹೊತ್ತು ತತ್ತೀಯಾ? ಆವತ್ತೇ ಬೇಲಿತಾವ ಆ ಮಗೀನ ಜಡೆ ನೋಡ್ದೆನಲ್ಲ, ಬಾಳೆನಾರು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಿನ್ ಬಾಯಿಂದ ತಪ್ಪಾಯ್ತು ಅನ್ನೋ ಮಾತು ಬತ್ತಾ ಇತ್ತು. ಮಧ್ಯಕ್ಕೆ ಬಾಯಾಕಿ ಕೆಡಿಸ್ಲಾ?"

ಶಾಮಿಯಾನವೆಲ್ಲ ನಕ್ಕಿತು. ಫಾದರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಪುಟ್ಟತಾಯಮ್ಮ ಸೆಲಿನಾಳನ್ನು ಕರೆದು ಮೊಣಕಾಲ ನಡುವೆ ನಿಲ್ಲಿಸಿಕೊಂಡರು. ಎಲೆ ಅಡಿಕೆಯ ಚೀಲ ಬಿಚ್ಚಿ, ಅದರೊಳಗಿಂದ ಮಡಿಸಿಟ್ಟ ಕೆಂಪು ಟೇಪು ತೆಗೆದರು. "ತಿಪ್ಪೇಗೆ ಎಸ್ದಿದ್ದೆ ಕಣವ್ವ. ಆಮೇಲೆ ಕೆದಕಿ ಉಡುಕ್ದೆ. ಮೂರ್ ಸಲ ಸೋಪಾಕಿ ಒಗ್ದಿವ್ನಿ" ಎಂದು ಬಾಳೆನಾರು ಬಿಚ್ಚಿ ಟೇಪು ಕಟ್ಟಿದರು. ಅವರಿಗೆ ಟೇಪನ್ನು ಹೂವಿನ ಹಾಗೆ ಕಟ್ಟಲು ಬರುವುದಿಲ್ಲ, ಗೌರಿಯ ಹಗ್ಗಕ್ಕೆ ಹಾಕುವ ಗಂಟನ್ನೇ ಹಾಕಿದರು. ಸೆಲಿನಾ ನನ್ನ ಕಡೆ ನೋಡಿ, ಆ ಎರಡು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ನನಗೆ ಅಳು ಬಂದುಬಿಟ್ಟಿತು.

ಮರುವರ್ಷವೇ ನನಗೆ ಹಾಸನಕ್ಕೆ ವರ್ಗವಾಯಿತು. ಅವರೆ ಕಾಲ ಬಂದರೆ ಪುಟ್ಟತಾಯಮ್ಮನಿಗೆ ಫೋನ್ ಮಾಡುತ್ತೇನೆ. ಮೊನ್ನೆಯೂ ಸಿಪ್ಪೆಯ ಬಕೆಟ್ ಮುಂದಿಟ್ಟುಕೊಂಡೇ ಮಾಡಿದೆ. ಅವರ ಮೊದಲ ಪ್ರಶ್ನೆ ಎಂದಿನದೇ.

"ಸಿಪ್ಪೆ ಏನ್ ಮಾಡ್ದೆ?"

"ಇಲ್ಲೇ ಇದೆ. ಹಿಂದಿನ ಬೀದಿಯಲ್ಲಿ ಹಸು ಇದೆ. ಆದ್ರೆ ಆ ಮನೆಯವರ ಜೊತೆ ಮಾತಿಲ್ಲ."

ಆ ಕಡೆ ಗೌರಿಯದೋ ಅವಳ ಮಗಳದೋ ಒಂದು ಅಂಬಾ ಕೇಳಿಸಿತು.

"ಬೆಳಿಗ್ಗೆ ಬೇಗೆದ್ದು ಅವರ ಬಾಗ್ಲಲ್ಲಿ ಮಡಗ್ಬುಟ್ಟು ಬಾ" ಎಂದರು ಪುಟ್ಟತಾಯಮ್ಮ. "ನಿಂಬೆಅಣ್ಣು ಮಾತ್ರ ಮಡಗ್ಬ್ಯಾಡ."